ಕೋ-ಆಪರೇಟಿವ್: ಒಂದು ಅಡ್ಡಗೆರೆಯ ವಿಚಾರ

ಇಂಗ್ಲಿಷಿನ ಪದವೊಂದನ್ನು ಎಲ್ಲಿ ಒಡೆಯಬೇಕು, ಒಡೆದ ಮೇಲೆ ಏನು ಅರ್ಥ ಹೇಳಬೇಕು ಎಂಬುದು ಕೇವಲ ಪಂಡಿತರ ಗೊಡವೆಯೆಂದು ಅನೇಕರ ಎಣಿಕೆ. ನನ್ನ ಅಭಿಪ್ರಾಯ ಬೇರೆ. ನಮ್ಮ ದಂಡಿಗನಹಳ್ಳಿಯ ರೈತನಿಗೂ ಈ ವಿಚಾರದಲ್ಲಿ ಪಾಲುಂಟು. ನಿದರ್ಶನಕ್ಕಾಗಿ, ಹಳ್ಳಿಹಳ್ಳಿಗೂ ಬಂದು ನೆಲಸಿರುವ ‘ಕೋ-ಆಪರೇಟಿವ್’ ಎಂಬ ಪದವನ್ನೇ ತೆಗೆದುಕೊಳ್ಳೋಣ.

ಈ ಪದದ ನಡುವೆ ಹೈಫನ್ ಎಂಬ ಅಡ್ಡಗೆರೆ ಏಕೆ? ಇಂಗ್ಲಿಷ್ ಲಿಪಿಯಲ್ಲಿ ಎರಡು ‘ಓ’ಗಳು ಒತ್ತಟ್ಟಿಗೆ ಬಂದರೆ ಓದುವವನು ‘ಕೂಪ್’ ಎಂದು ಓದಿಬಿಡಬಹುದು. ಕೂಪ್ ಎಂದರೆ ಕೋಳಿಗೂಡು! ಈ ಪ್ರಮಾದವನ್ನು ತಪ್ಪಿಸುವುದು ಆ ಗೆರೆ. ಬ್ರಿಟಿಷರು ಅದನ್ನು ಬಹುಕಾಲ ಉಳಿಸಿಕೊಂಡರು. ಅಮೆರಿಕದವರು ಬಹುಮಟ್ಟಿಗೆ ಕೈಬಿಟ್ಟರು. ನಮ್ಮಲ್ಲಿಯೂ ಒಮ್ಮತವಿಲ್ಲ. 2011ರ 97ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಪದದಲ್ಲಿ ಗೆರೆಯಿದೆ. 2021ರಲ್ಲಿ ಕೇಂದ್ರ ಸರ್ಕಾರ ತೆರೆದ ಸಹಕಾರ ಸಚಿವಾಲಯದ ಇಂಗ್ಲಿಷ್ ಹೆಸರಿನಲ್ಲಿ ಗೆರೆಯಿಲ್ಲ. ಕನ್ನಡ ಲಿಪಿಗೆ ಈ ತೊಡಕೇ ಇಲ್ಲ. ‘ಕೋ’ ಆದಮೇಲೆ ‘ಆ’ ಎಂಬ ಸ್ವರವು ತಾನೇ ತಲೆಯೆತ್ತಿ ನಿಲ್ಲುವುದರಿಂದ ಗೆರೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಆದರೆ ಗೆರೆಯು ತೋರಿಸುವುದು ಉಚ್ಚಾರಣೆಯನ್ನು ಮಾತ್ರವಲ್ಲ, ಅರ್ಥದ ಕೀಲನ್ನೂ ಸಹ. ಲ್ಯಾಟಿನ್ನಿನಿಂದ ಬಂದ ‘ಕೋ’ ಎಂದರೆ ಒಡನೆ. ಉಳಿದ ಭಾಗದ ಮೂಲಾರ್ಥ ದುಡಿಮೆ. ಅಂತೂ ಒಡಗೂಡಿ ದುಡಿಯುವುದು ಎಂದಾಯಿತು. ನಮ್ಮ ‘ಸಹಕಾರ’ವನ್ನು ಬಿಡಿಸಿದರೂ ಇದೇ ಅರ್ಥ. ಸಂಸ್ಕೃತದಲ್ಲಿ ಅದಕ್ಕೆ ಕಂಪಿನ ಮಾವಿನ ಮರವೆಂಬ ಅರ್ಥವೂ ಉಂಟು. ಅವರ ಪದದೊಳಗೆ ಕೋಳಿಗೂಡು, ನಮ್ಮ ಪದದೊಳಗೆ ಮಾವು!

ಪದ ಬರುವ ಮೊದಲೇ ನಮ್ಮ ಸೀಮೆಯಲ್ಲಿ ಅದರ ಅರ್ಥವಿತ್ತು. ಇಂದು ನಿನ್ನ ಹೊಲದ ರಾಗಿ ಕೊಯ್ಲಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಡುವೆ ಕೂಲಿಯ ಮಾತಿಲ್ಲ. ಇದಕ್ಕೆ ಮುಯ್ಯಾಳು ಎಂದು ಹೆಸರು. 1904ರಲ್ಲಿ ಬ್ರಿಟಿಷ್ ಸರ್ಕಾರ ಪತ್ತಿನ ಸಂಘಗಳ ಕಾಯಿದೆ ಮಾಡಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಇಂಥ ಸಂಘಗಳ ಉದ್ದೇಶ.

ಇಂದಿನ ಬಳಕೆಯನ್ನು ನೋಡಿ. ಪತ್ತಿನ ಸಹಕಾರ ಸಂಘವು ಜನರ ಬಾಯಲ್ಲಿ ಬರಿಯ ‘ಸೊಸೈಟಿ’. ಹಾಲು ಉತ್ಪಾದಕರ ಸಹಕಾರ ಸಂಘ ಬರಿಯ ‘ಡೈರಿ’. ಎರಡರಲ್ಲಿಯೂ ‘ಕೋ’ ಉದುರಿಹೋಗಿದೆ. ಬಾಯಿಂದ ಉದುರಿದ್ದು ಮನಸ್ಸಿನಿಂದಲೂ ಉದುರಿತೆಂದೇ ನನ್ನ ವಾದ. ಹಾಲಿನ ಹಣ ತಡವಾದರೆ ‘ಡೈರಿಯವರು ಇನ್ನೂ ಕೊಡಲಿಲ್ಲ’ ಎನ್ನುತ್ತಾರೆ. ಆ ಡೈರಿಯವರು ಯಾರು? ಹಾಲು ಹಾಕುವ ಸದಸ್ಯರೇ ಅಲ್ಲವೆ? ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಇಷ್ಟು ದೊಡ್ಡ ಹಕ್ಕನ್ನು ಕೈಯಲ್ಲಿಟ್ಟುಕೊಂಡು ಒಡೆಯನೇ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುವುದು ಸರಿಯೆ? ಇನ್ನು ಕಚೇರಿಗಳಲ್ಲಿ ‘ಸ್ವಲ್ಪ ಕೋಆಪರೇಟ್ ಮಾಡಿ’ ಎಂದರೆ, ಬಾಯಿ ಮುಚ್ಚಿಕೊಂಡು ಹೇಳಿದಂತೆ ಕೇಳಿ ಎಂದೇ ಅರ್ಥ! ಒಡಗೂಡುವ ಪದವು ತಲೆಬಾಗುವ ಪದವಾಯಿತು.

ನಾವು ವಿದ್ಯಾರ್ಥಿಗಳು ಪರೀಕ್ಷೆಗಾಗಿ ನೂರಾರು ಪದಗಳ ಅರ್ಥವನ್ನು ಉರುಹೊಡೆಯುತ್ತೇವೆ. ಇದೊಂದು ಪದವನ್ನಾದರೂ ಸರಿಯಾದ ಕೀಲಿನಲ್ಲಿ ಬಿಡಿಸಿ, ಮುಯ್ಯಾಳಿನ ಪಕ್ಕದಲ್ಲಿಟ್ಟು ಮನೆಯವರಿಗೆ ವಿವರಿಸೋಣ. ಮುಂದಿನ ಸರ್ವಸದಸ್ಯರ ಸಭೆಗೆ ತಂದೆಯವರು ಹೊರಟಾಗ ಲೆಕ್ಕಪತ್ರವನ್ನು ಓದಿ ಹೇಳಿ ಕಳುಹಿಸೋಣ. ನಾವು ಕಲಿತ ಇಂಗ್ಲಿಷಿನಿಂದ ಊರಿಗೆ ಇಷ್ಟಾದರೂ ಉಪಕಾರವಾಗಲಿ.