ಆಕಾಶದಲ್ಲಿ ಬಣ್ಣದ ಹೊಗೆ, ನೆಲದ ಮೇಲೆ ಲೆಕ್ಕವೇ ಇಲ್ಲ!

ಯಲಹಂಕದ ಕಡೆ ಮನೆ ಇದ್ದವರೆಲ್ಲ ಒಂದಲ್ಲ ಒಂದು ಫೆಬ್ರವರಿಯಲ್ಲಿ ತಾರಸಿ ಹತ್ತಿ ಕುತ್ತಿಗೆ ನೋಯುವಷ್ಟು ಹೊತ್ತು ಆಕಾಶ ನೋಡಿದವರೇ. ನಾನೂ ನೋಡಿದ್ದೇನೆ. ಕೆಂಪು ಬಿಳಿ ಬಣ್ಣದ ಒಂಬತ್ತು ವಿಮಾನಗಳು ಒಂದಕ್ಕೊಂದು ಅಂಟಿಕೊಂಡಂತೆ ಬಂದು, ತಲೆಕೆಳಗಾಗಿ, ಬಿಚ್ಚಿಕೊಂಡು, ಹೊಗೆಯಲ್ಲಿ ಹೃದಯದ ಚಿತ್ರ ಬರೆದು ಹೋದಾಗ ನಾನೂ ಚಪ್ಪಾಳೆ ತಟ್ಟಿದ್ದೇನೆ. ಸೂರ್ಯಕಿರಣ ತಂಡದ ಪೈಲಟ್‌ಗಳ ಕೈಚಳಕದ ಬಗ್ಗೆ, ಧೈರ್ಯದ ಬಗ್ಗೆ ಯಾರಿಗೂ ಅನುಮಾನ ಬೇಡ. ಈ ಲೇಖನ ಅವರ ವಿರುದ್ಧ ಅಲ್ಲ.

ಆದರೆ ಚಪ್ಪಾಳೆ ತಟ್ಟಿದ ಕೈಯಲ್ಲೇ ಜೇಬು ಮುಟ್ಟಿ ನೋಡಿಕೊಳ್ಳುವ ಹಕ್ಕೂ ನಮಗಿದೆ. ಈ ಆಟಕ್ಕೆ ಖರ್ಚೆಷ್ಟು? ಕೊಡುತ್ತಿರುವವರು ಯಾರು? ಬರುತ್ತಿರುವ ಲಾಭವೇನು? ಈ ಮೂರು ಪ್ರಶ್ನೆ ಕೇಳಿದ ತಕ್ಷಣ ನಿಮ್ಮನ್ನು ದೇಶದ್ರೋಹಿ ಎಂದು ಕರೆಯಲು ಕಾದು ಕುಳಿತವರಿದ್ದಾರೆ. ಕರೆಯಲಿ ಬಿಡಿ. ತೆರಿಗೆ ಕಟ್ಟುವವನು ರಸೀದಿ ಕೇಳಿದರೆ ಅದು ದ್ರೋಹವಲ್ಲ.

ಪುಸ್ತಕದಲ್ಲಿಲ್ಲದ ಖರ್ಚು

2025-26ರ ದೇಶದ ರಕ್ಷಣಾ ಬಜೆಟ್ಟು 6.81 ಲಕ್ಷ ಕೋಟಿ ರೂಪಾಯಿ. ಆ ದಪ್ಪ ಪುಸ್ತಕದಲ್ಲಿ ಸೂರ್ಯಕಿರಣದ ಹೆಸರಿನಲ್ಲಿ, ಸಾರಂಗ್ ಹೆಲಿಕಾಪ್ಟರ್ ತಂಡದ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಇಂಧನ, ಬಿಡಿಭಾಗ, ಎಂಜಿನ್ ರಿಪೇರಿ, ಊರಿಂದೂರಿಗೆ ಹೊರಡುವ ತಂತ್ರಜ್ಞರ ದಂಡು, ಅವರ ಸಾಮಾನು ಹೊರುವ ದೊಡ್ಡ ವಿಮಾನ, ಬಿಸಿ ಹೊಗೆಕೊಳವೆಗೆ ಸುರಿದು ಬಣ್ಣ ಬರಿಸುವ ಡೀಸೆಲ್ಲು, ಎಲ್ಲವೂ ಬೇರೆ ಬೇರೆ ತಲೆಬರಹಗಳ ಅಡಿಯಲ್ಲಿ ಕರಗಿಹೋಗುತ್ತವೆ.

ಬಜೆಟ್ಟಿನ ಸಮುದ್ರದಲ್ಲಿ ಇದೊಂದು ಬೊಗಸೆ ನೀರು ಎನ್ನುತ್ತಾರೆ. ಒಪ್ಪೋಣ. ಅಷ್ಟು ಚಿಕ್ಕ ಮೊತ್ತವಾದರೆ ಹೇಳಲು ಸಂಕೋಚವೇಕೆ? ಆದರೆ ನನ್ನ ನಿಜವಾದ ತಕರಾರು ದುಡ್ಡಿನದಲ್ಲ. ದುಡ್ಡಿಗಿಂತ ಬೆಲೆಬಾಳುವ ಎರಡು ವಸ್ತುಗಳನ್ನು ಈ ಆಟ ನುಂಗುತ್ತಿದೆ. ಒಂದು, ತರಬೇತಿ ವಿಮಾನ. ಎರಡು, ತರಬೇತಿ ಕೊಡುವ ಗುರು.

ಮೇಷ್ಟ್ರು ನಾಟಕಕ್ಕೆ, ಮಕ್ಕಳು ಬಯಲಿಗೆ

ಸೂರ್ಯಕಿರಣ ಹಾರಿಸುವುದು ಯುದ್ಧ ವಿಮಾನವನ್ನಲ್ಲ. ಹಾಕ್ ಎಂಬ ತರಬೇತಿ ವಿಮಾನವನ್ನು. ಫೈಟರ್ ಪೈಲಟ್ ಆಗಬೇಕಾದ ಹುಡುಗ ಹುಡುಗಿಯರು ಯುದ್ಧ ವಿಮಾನ ಏರುವ ಮೊದಲು ಕಲಿಯುವುದು ಇದರಲ್ಲೇ. ವಾಯುಸೇನೆ ಎರಡು ಕಂತಿನಲ್ಲಿ ತರಿಸಿಕೊಂಡ ಹಾಕ್‌ಗಳು 106. ಅದರಲ್ಲಿ ಒಂಬತ್ತು ಆಕಾಶದಲ್ಲಿ ರಂಗೋಲಿ ಹಾಕುತ್ತವೆ. ಅಂದರೆ ನೂರಕ್ಕೆ ಎಂಟಕ್ಕಿಂತ ಹೆಚ್ಚು. ಹಾರಿಸುವವರು ಯಾರು? ಬಹುಪಾಲು ಅರ್ಹತೆ ಪಡೆದ ಹಾರಾಟ ಶಿಕ್ಷಕರು. ಶಾಲೆಯಲ್ಲಿ ಪಾಠ ಹೇಳಬೇಕಾದ ಒಳ್ಳೆಯ ಮೇಷ್ಟ್ರನ್ನೂ, ಶಾಲೆಯ ಬೆಂಚುಗಳನ್ನೂ ಜಾತ್ರೆ ನಾಟಕಕ್ಕೆ ಕಳಿಸಿದಂತಾಯಿತು.

ಶಾಲೆಯಲ್ಲಿ ಎಲ್ಲ ಸರಿಯಿದ್ದರೆ ನಾಟಕವಾಡಲಿ, ಬೇಡ ಎನ್ನುವುದಿಲ್ಲ. ಶಾಲೆಯ ಗತಿ ನೋಡಿ. ವಾಯುಸೇನೆಯಲ್ಲಿ ಪೈಲಟ್‌ಗಳ ಕೊರತೆ 2015ರಲ್ಲಿ 486 ಇದ್ದದ್ದು 2021ರ ಕೊನೆಗೆ 596 ಆಯಿತು. ಹೇಳಿದ್ದು ನಾನಲ್ಲ, ದೇಶದ ಮಹಾಲೇಖಪಾಲರು. ಆರಂಭಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳನ್ನು ಸಾವುನೋವಿನ ನಂತರ 2009ರಲ್ಲಿ ನೆಲಕ್ಕಿಳಿಸಬೇಕಾಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 2003ರಲ್ಲಿ ಮೊದಲ ಸಲ ಹಾರಿದ ಸಿತಾರಾ ಎಂಬ ಮಧ್ಯಮ ಹಂತದ ತರಬೇತಿ ವಿಮಾನ, ಇಪ್ಪತ್ತೆರಡು ವರ್ಷದ ನಂತರ 2025ರ ಏರೋ ಇಂಡಿಯಾದಲ್ಲಿ ಯಶಸ್ ಎಂಬ ಹೊಸ ಹೆಸರು ಪಡೆಯಿತು. ವಿಮಾನ ಸೇನೆಗೆ ಸೇರಲಿಲ್ಲ, ನಾಮಕರಣ ಮಾತ್ರ ಆಯಿತು!

ಇದು ಹೊಸ ಸಂಗತಿಯಲ್ಲ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ ಸೂರ್ಯಕಿರಣ, ಎಚ್‌ಎಎಲ್‌ನ ಕಿರಣ್ ವಿಮಾನಗಳಲ್ಲಿ ಹಾರುತ್ತಿತ್ತು. 2011ರಲ್ಲಿ ತಂಡವನ್ನೇ ನಿಲ್ಲಿಸಿದರು. ಯಾಕೆ? ಆ ಕಿರಣ್‌ಗಳು ಕಲಿಯುವವರಿಗೆ ಬೇಕಾಗಿದ್ದವು. ಅಂದಿನ ವಾಯುಸೇನೆಯೇ ಲೆಕ್ಕ ಹಾಕಿ, ಆಟಕ್ಕಿಂತ ಪಾಠ ಮುಖ್ಯ ಎಂದು ತೀರ್ಮಾನಿಸಿತ್ತು. ತಂಡ ಮತ್ತೆ ಹಾರಿದ್ದು 2015ರಲ್ಲಿ, ಹಾಕ್‌ಗಳೊಂದಿಗೆ. ನಡುವಿನ ನಾಲ್ಕು ವರ್ಷ ದೇಶಕ್ಕೆ ಏನಾದರೂ ಆಯಿತೇ? ಶತ್ರು ಒಳಗೆ ನುಗ್ಗಿದನೇ? ಸೇನೆಗೆ ಸೇರುವವರು ಇಲ್ಲವಾದರೇ?

ದೊಡ್ಡಣ್ಣ ಅಮೆರಿಕವನ್ನೇ ನೋಡಿ. 2013ರಲ್ಲಿ ಅಲ್ಲಿ ಸರ್ಕಾರಿ ಖರ್ಚಿಗೆ ಕತ್ತರಿ ಬಿದ್ದಾಗ ಬ್ಲೂ ಏಂಜೆಲ್ಸ್, ಥಂಡರ್‌ಬರ್ಡ್ಸ್ ಎರಡೂ ತಂಡಗಳ ಪ್ರದರ್ಶನಗಳನ್ನು ರದ್ದು ಮಾಡಿದರು. ಕುಬೇರನೇ ಕೈ ಬಿಗಿ ಹಿಡಿಯುವಾಗ ನಮ್ಮ ದಿಲ್ಲಿ ದೊರೆಗಳಿಗೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಏಳರಲ್ಲಿ ಐದು ನಮ್ಮ ಮಣ್ಣಿನ ಮೇಲೆ

ಈಗ ಲೆಕ್ಕಕ್ಕೆ ಸಿಗದ ಬೆಲೆಯ ಮಾತು.

2006ರ ಮಾರ್ಚ್ 18, ಬೀದರ್ ಬಳಿ: ಧೀರಜ್ ಭಾಟಿಯಾ, ಶೈಲೇಂದರ್ ಸಿಂಗ್. 2007ರ ಫೆಬ್ರವರಿ 2, ಯಲಹಂಕ, ಏರೋ ಇಂಡಿಯಾಗೆ ಸಾರಂಗ್ ತಂಡದ ತಾಲೀಮು: ಪ್ರಿಯೇ ಶರ್ಮಾ. 2009ರ ಜನವರಿ 21, ಮತ್ತೆ ಬೀದರ್: ಧಾಲಿವಾಲ್. 2010ರ ಮಾರ್ಚ್ 3, ಹೈದರಾಬಾದಿನ ಬೇಗಂಪೇಟೆ, ನೌಕಾಪಡೆಯ ಸಾಗರ್ ಪವನ್ ತಂಡ: ಮೌರ್ಯ, ನಾಯರ್. 2019ರ ಫೆಬ್ರವರಿ 19, ಯಲಹಂಕ: ಎರಡು ಹಾಕ್‌ಗಳು ಗಾಳಿಯಲ್ಲೇ ಡಿಕ್ಕಿ ಹೊಡೆದವು. ಇಬ್ಬರು ಹಾರಿ ಪಾರಾದರು, ಸಾಹಿಲ್ ಗಾಂಧಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಪ್ರದರ್ಶನದ ಉದ್ಘಾಟನೆ ನಡೆಯಿತು.

ಏಳು ಜನ. ಯಾರೂ ಶತ್ರುವಿನ ಗುಂಡಿಗೆ ಬಿದ್ದವರಲ್ಲ. ನಾವು ಚಪ್ಪಾಳೆ ತಟ್ಟಲೆಂದು ಹಾರಿದವರು, ಹಾರಲು ತಾಲೀಮು ಮಾಡಿದವರು. ಏಳರಲ್ಲಿ ಐವರು ಬಿದ್ದದ್ದು ಕರ್ನಾಟಕದ ಮಣ್ಣಿನ ಮೇಲೆ. ಅವರು ಯಾವ ರಾಜ್ಯದವರು, ಯಾವ ಭಾಷೆಯವರು ಎಂದು ನಾನು ಕೇಳುವುದಿಲ್ಲ. ಅವರ ತಾಯಂದಿರ ಅಳುವಿಗೆ ಭಾಷೆಯಿಲ್ಲ. ಇದರ ಮೇಲೆ 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ನಮ್ಮ ತೇಜಸ್ ಬಿದ್ದು ನಮಾಂಶ್ ಸ್ಯಾಲ್ ತೀರಿಕೊಂಡರು. ಅದು ತಂಡದ ಹಾರಾಟವಲ್ಲ, ಆದರೆ ಅದೂ ಪ್ರದರ್ಶನವೇ.

ಸೈನಿಕನ ಕೆಲಸದಲ್ಲಿ ಅಪಾಯ ಇದ್ದದ್ದೇ ಎನ್ನುವವರಿಗೆ ಒಂದು ಮಾತು. ಗಡಿ ಕಾಯಲು ಪ್ರಾಣ ಒಡ್ಡುತ್ತೇನೆಂದು ಅವರು ಪ್ರಮಾಣ ಮಾಡಿದ್ದಾರೆ. ಗಣ್ಯರ ಸೋಫಾದ ಮುಂದೆ ಒಡ್ಡುತ್ತೇನೆಂದಲ್ಲ.

ನೋಡುವವರೂ ಸತ್ತಿದ್ದಾರೆ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ದಂಡೆಯಲ್ಲಿ ವಾಯುಸೇನೆಯ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿ, ಬಿಸಿಲು, ನೂಕುನುಗ್ಗಲಿನ ನಡುವೆ ಐವರು ಪ್ರಾಣ ಬಿಟ್ಟರು. ಜನರನ್ನು ಕರೆಯುವವರಿಗೆ ಜನರಿಗೆ ನೀರು ಕೊಡುವ ಜವಾಬ್ದಾರಿ ಇರಬೇಡವೇ?

ಕುರಿ ಅಂಗಡಿಯವನ 26 ದಿನ

ಆಕಾಶದ ಆಟಕ್ಕೆ ನೆಲದ ಮೇಲೆ ಬಾಡಿಗೆ ಕಟ್ಟುವವರು ಯಾರು ಗೊತ್ತೇ? 2025ರ ಏರೋ ಇಂಡಿಯಾಕ್ಕಾಗಿ ಆಗಿನ ಬಿಬಿಎಂಪಿ, ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್‌ವರೆಗೆ ಮಾಂಸದ ಅಂಗಡಿ ಮುಚ್ಚಿಸಿತು. ಜನವರಿ 23ರಿಂದ ಫೆಬ್ರವರಿ 17ರವರೆಗೆ, ಒಟ್ಟು 26 ದಿನ. ಮಾಂಸಾಹಾರಿ ಹೋಟೆಲಿಗೂ ಅದೇ ಅಪ್ಪಣೆ. ಮಾಂಸದ ಕಸಕ್ಕೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಕಾರಣ ಸುಳ್ಳಲ್ಲ. ಪ್ರದರ್ಶನ ನಡೆಸಿದ್ದು ಐದು ದಿನ, ಫೆಬ್ರವರಿ 10ರಿಂದ 14. ಐದು ದಿನದ ಜಾತ್ರೆಗೆ 26 ದಿನದ ಉಪವಾಸ! ಆ 26 ದಿನ ಅಂಗಡಿಯ ಬಾಡಿಗೆ, ಮೆಸ್ಸಿನ ಅಡುಗೆಯವನ ಸಂಬಳ, ಮಕ್ಕಳ ಫೀಸು ನಿಲ್ಲುತ್ತದೆಯೇ? ಪ್ರದರ್ಶನದ ಖರ್ಚು ಬರೆಯುವವರು ಈ ಸಾಲನ್ನು ಎಲ್ಲಿ ಬರೆಯುತ್ತಾರೆ?

ಬೀದರಿನವರ ಕಥೆ ಇನ್ನೊಂದು. ಸೂರ್ಯಕಿರಣ ಅಲ್ಲಿ ಹುಟ್ಟಿದ್ದು 1996ರಲ್ಲಿ. ಅದೇ ನೆಲೆಯ ರನ್‌ವೇಯಿಂದ ಬೀದರಿನ ಸಾಮಾನ್ಯ ಜನ ಟಿಕೆಟ್ ಕೊಂಡು ಬೆಂಗಳೂರಿಗೆ ಹಾರುವ ಸೌಲಭ್ಯ ಶುರುವಾದದ್ದು 2020ರ ಫೆಬ್ರವರಿ 7ರಂದು. ಇಪ್ಪತ್ನಾಲ್ಕು ವರ್ಷ ಅವರ ತಲೆಯ ಮೇಲೆ ಸದ್ದು ಮಾತ್ರ ಹಾರಿತು.

ಲಾಭ ಎಂದು ಹೇಳುವ ಮೂರು ಮಾತು

ಪರ ವಹಿಸುವವರ ವಾದವನ್ನೂ ಕೇಳೋಣ. ನಮ್ಮದು ಏಕಪಕ್ಷೀಯ ತೀರ್ಪಲ್ಲ.

ಮೊದಲನೆಯದು, ಇದರಿಂದ ಪೈಲಟ್‌ಗಳ ನೈಪುಣ್ಯ ಹೆಚ್ಚುತ್ತದೆ. ಹೌದು, ಹಾರುವ ಆ ಹತ್ತು ಹನ್ನೆರಡು ಜನರದು ಹೆಚ್ಚುತ್ತದೆ. ಆದರೆ ಇಂದಿನ ಯುದ್ಧದಲ್ಲಿ ಶತ್ರು ಹತ್ತಾರು ಕಿಲೋಮೀಟರ್ ದೂರದಲ್ಲಿದ್ದಾಗಲೇ ಕ್ಷಿಪಣಿ ಹೊರಡುತ್ತದೆ. ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವಂತೆ ಹೋಗಿ ಯಾರೂ ಯುದ್ಧ ಮಾಡುವುದಿಲ್ಲ. ಅದೇ ಇಂಧನ, ಅದೇ ಗಂಟೆಗಳನ್ನು ಕಲಿಯುವ ನೂರು ಜನರಿಗೆ ಹಂಚಿದರೆ ನೂರು ಜನರ ನೈಪುಣ್ಯ ಹೆಚ್ಚುತ್ತದೆ.

ಎರಡನೆಯದು, ನಮ್ಮ ವಿಮಾನಗಳಿಗೆ ಜಾಹೀರಾತು. ಇಲ್ಲೇ ನಗು ಬರುವುದು. ಕಿರಣ್ ನಮ್ಮದಾಗಿತ್ತು, ಬೆಂಗಳೂರಿನಲ್ಲಿ ಘಾಟಗೆಯವರ ತಂಡ ರೂಪಿಸಿ 1964ರಲ್ಲಿ ಹಾರಿಸಿದ ವಿಮಾನ. ಹಾಕ್ ಬ್ರಿಟಿಷರ ವಿನ್ಯಾಸ. ಎಚ್‌ಎಎಲ್ ಅದನ್ನು ಪರವಾನಗಿ ಪಡೆದು ಜೋಡಿಸಿದೆ, ಅಷ್ಟೆ. ನಮ್ಮ ಖರ್ಚಿನಲ್ಲಿ ಲಂಡನ್ನಿನ ಅಂಗಡಿಗೆ ಜಾಹೀರಾತು! ದಕ್ಷಿಣ ಕೊರಿಯಾದ ಬ್ಲ್ಯಾಕ್ ಈಗಲ್ಸ್ ತಂಡ ಹಾರಿಸುವುದು ತಮ್ಮದೇ ಟಿ-50 ವಿಮಾನವನ್ನು. ಆ ಜಾತಿಯ ವಿಮಾನ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಇರಾಕ್, ಪೋಲೆಂಡ್‌ಗೆ ಮಾರಾಟವಾಗಿದೆ. ಅದು ವ್ಯಾಪಾರ. ನಮ್ಮಲ್ಲಿ ಸಾರಂಗ್ ತಂಡ ಮಾತ್ರ ಬೆಂಗಳೂರಿನಲ್ಲೇ ರೂಪುಗೊಂಡ ಧ್ರುವ ಹೆಲಿಕಾಪ್ಟರ್ ಹಾರಿಸುತ್ತದೆ. ಅದರ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಈಕ್ವೆಡಾರ್ ಕೊಂಡ ಏಳು ಧ್ರುವಗಳಲ್ಲಿ ನಾಲ್ಕು ಬಿದ್ದು 2015ರಲ್ಲಿ ಒಪ್ಪಂದವೇ ರದ್ದಾಯಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಪಡೆಯ ಧ್ರುವ ಬಿದ್ದ ಮೇಲೆ ಎಲ್ಲ ಧ್ರುವಗಳೂ ನೆಲ ಹಿಡಿದವು. ಮರುತಿಂಗಳ ಏರೋ ಇಂಡಿಯಾದಲ್ಲಿ ಸಾರಂಗ್ ಹಾರಲೇ ಇಲ್ಲ. ಸರಕು ಗಟ್ಟಿಯಿಲ್ಲದೆ ಕುಣಿತದಿಂದ ಮಾರಾಟವಾಗುವುದಿಲ್ಲ.

ಅದೇ ಪ್ರದರ್ಶನದಲ್ಲಿ ಏನಾಯಿತು ನೆನಪಿದೆಯೇ? ಮೇಲೆ ಸೂರ್ಯಕಿರಣ ಹೊಗೆ ಬಿಡುತ್ತಿದ್ದರೆ, ಕೆಳಗೆ ವಾಯುಸೇನೆಯ ಮುಖ್ಯಸ್ಥರೇ ಎಚ್‌ಎಎಲ್‌ನವರ ಮುಂದೆ, ನಿಮ್ಮ ಮೇಲೆ ನನಗೆ ಭರವಸೆ ಇಲ್ಲ ಎಂಬರ್ಥದ ಮಾತಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. 2021ರಲ್ಲಿ ಇದೇ ಯಲಹಂಕದಲ್ಲಿ ಕೈಕುಲುಕಿ ಆದೇಶ ಕೊಟ್ಟ 83 ತೇಜಸ್ ವಿಮಾನಗಳಲ್ಲಿ ಒಂದೂ ಬಂದಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದಾಗ, 42 ಇರಬೇಕಾದ ಫೈಟರ್ ಸ್ಕ್ವಾಡ್ರನ್‌ಗಳು 29ಕ್ಕೆ ಇಳಿದವು. ಹದಿಮೂರು ಸ್ಕ್ವಾಡ್ರನ್ ಖಾಲಿ ಇರುವ ಮನೆಯ ಮುಂದೆ ತೋರಣ ಕಟ್ಟುವುದು ಯಾರ ಕಣ್ಣಿಗೆ ಮಣ್ಣೆರಚಲು?

ಮೂರನೆಯದು, ಯುವಕರಿಗೆ ಸ್ಫೂರ್ತಿ. ಅಂದರೆ ನಿಮಗೆ! 2022ರಲ್ಲಿ ವಾಯುಸೇನೆಯ ಮೊದಲ ಅಗ್ನಿವೀರ ನೇಮಕಾತಿಗೆ ಅರ್ಜಿ ಹಾಕಿದವರು ಸುಮಾರು ಏಳೂವರೆ ಲಕ್ಷ. ಜಾಗ ಮೂರು ಸಾವಿರ. ಒಂದು ಕುರ್ಚಿಗೆ 250 ಜನ! ಸ್ಫೂರ್ತಿಗೆ ಬರವಿಲ್ಲ ಸ್ವಾಮಿ, ಕೆಲಸಕ್ಕೆ ಬರ. ಆಯ್ಕೆಯಾದವರಲ್ಲೂ ನೂರಕ್ಕೆ 75 ಜನರನ್ನು ನಾಲ್ಕು ವರ್ಷಕ್ಕೆ ಪಿಂಚಣಿಯಿಲ್ಲದೆ ಮನೆಗೆ ಕಳಿಸುವ ಯೋಜನೆ ಅದು.

ಇನ್ನು ನಮ್ಮ ಹುಡುಗನ ಪಾಡು. ಭಾಲ್ಕಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ತಲೆಯೆತ್ತಿ ಸೂರ್ಯಕಿರಣ ನೋಡಿ ಸ್ಫೂರ್ತಿಗೊಂಡ ಎಂದುಕೊಳ್ಳಿ. ಅಗ್ನಿವೀರ ವಾಯು ಪರೀಕ್ಷೆಗೆ ಹೋದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಾನ್ಪುರದ ಹುಡುಗ ತನ್ನ ಭಾಷೆಯಲ್ಲಿ ಭೌತಶಾಸ್ತ್ರ ಬರೆಯುತ್ತಾನೆ. ನಮ್ಮವನು ಎರಡು ಪರಭಾಷೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಸಾಧ್ಯವಾಯಿತು. ಇಲ್ಲಿ ಏಕೆ ಆಗದು? ಆಕಾಶ ನಮ್ಮದು, ಸದ್ದು ನಮ್ಮ ಕಿವಿಗೆ, ಬಿದ್ದ ವಿಮಾನ ನಮ್ಮ ಹೊಲಕ್ಕೆ. ಬಾಗಿಲು ಮಾತ್ರ ಬೇರೆಯವರ ಭಾಷೆಯಲ್ಲಿ! ನಿಜವಾಗಿಯೂ ಸ್ಫೂರ್ತಿ ತುಂಬಬೇಕಿದ್ದರೆ ಒಂದು ಪ್ರದರ್ಶನದ ಡೀಸೆಲ್ಲಿನ ದುಡ್ಡಲ್ಲಿ ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತರಿಸಿ.

ನೀವೇನು ಮಾಡಬೇಕು?

ಗೆಳೆಯರೇ, ತಂಡವನ್ನು ಶಾಶ್ವತವಾಗಿ ಹೂಳಿಬಿಡಿ ಎಂದು ನಾನು ಹೇಳುತ್ತಿಲ್ಲ. 2011ರಲ್ಲಿ ಮಾಡಿದ್ದನ್ನು ಈಗ ಮಾಡಿ ಎನ್ನುತ್ತಿದ್ದೇನೆ. ಪೈಲಟ್‌ಗಳ ಕೊರತೆ ನೀಗುವವರೆಗೆ ಆ ಒಂಬತ್ತು ಹಾಕ್‌ಗಳೂ, ಆ ಗುರುಗಳೂ ಶಾಲೆಗೆ ಮರಳಲಿ. ಮತ್ತೆ ಹಾರುವ ದಿನ ಬಂದರೆ ನಮ್ಮವರೇ ರೂಪಿಸಿದ ವಿಮಾನದಲ್ಲಿ ಹಾರಲಿ. ವರ್ಷದ ಖರ್ಚನ್ನು ಒಂದು ಸಾಲಿನಲ್ಲಿ ಸಂಸತ್ತಿನ ಮುಂದಿಡಲಿ. ಅಂಗಡಿ ಮುಚ್ಚಿಸಿದವರು ನಷ್ಟ ತುಂಬಲಿ. ವಾಯುಸೇನೆಯ ಪರೀಕ್ಷೆ ಕನ್ನಡದಲ್ಲಿ ಬರಲಿ.

ನಿಮ್ಮ ಸಂಸದರು ಓಟು ಕೇಳಲು ಬಂದಾಗ ಈ ಐದು ಮಾತು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಬೈಟು ಕಾಫಿಗಿಂತ ಅಗ್ಗ. ಹಾಕಿ! ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.

ಮುಂದಿನ ಸಲ ತಾರಸಿ ಹತ್ತಿದಾಗ ಚಪ್ಪಾಳೆ ತಟ್ಟಿ, ಬೇಡ ಎನ್ನುವುದಿಲ್ಲ. ಆ ಪೈಲಟ್‌ಗಳು ಅದಕ್ಕೆ ಅರ್ಹರು. ಆದರೆ ಹೊಗೆ ಐದು ನಿಮಿಷದಲ್ಲಿ ಕರಗಿಹೋಗುತ್ತದೆ. ಅದು ಕರಗಿದ ಮೇಲೆ ಕಾಣುವ ಖಾಲಿ ಆಕಾಶವನ್ನೂ ಒಂದು ಕ್ಷಣ ನೋಡಿ. ಅದನ್ನು ಕಾಯಲು ಇರಬೇಕಾದವರಲ್ಲಿ 596 ಜನ ಇರಲಿಲ್ಲ.