ಹುಟ್ಟುಗುಣದ ನೆಪ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಮ್ಮ ಸಮುದಾಯವು ಈಮಾನಿನ ಏಳನೆಯ ಕಾರ್ಯವೆಂಬಂತೆ ನಂಬಿಕೊಂಡು ಬಂದಿದೆ. ಗುಟ್ಕಾ ಬಿಡದ ಯುವಕನ ಕುರಿತು ಈ ಮಾತನ್ನು ಮೊದಲು ತಂದೆ ಆಡುತ್ತಾನೆ, ಬಳಿಕ ಜಮಾಅತಿನ ಹಿರಿಯರು ಆಡುತ್ತಾರೆ, ಕೊನೆಗೆ ಆ ಯುವಕನೇ ಆಡತೊಡಗುತ್ತಾನೆ. ನಲವತ್ತು ದಾಟಿದ ತಾಯಿಗೆ ಅಕ್ಷರ ಕಲಿಸೋಣವೆಂದರೆ, "ಇನ್ನು ಈ ವಯಸ್ಸಿನಲ್ಲೇ?" ಎಂಬ ನಗು. ಗಂಡ ಕೈಮಾಡಿದನೆಂದು ತವರಿಗೆ ಬಂದ ಹೆಣ್ಣಿಗೆ, "ಅವನ ಸ್ವಭಾವವೇ ಹಾಗೆ, ಸ್ವಲ್ಪ ಸಹಿಸಿಕೋ ಮಗಳೇ" ಎಂಬ ಬುದ್ಧಿವಾದ. ಇಷ್ಟಕ್ಕೂ ಒಪ್ಪದವರಿಗೆ ಕೊನೆಯ ಅಸ್ತ್ರವೊಂದಿದೆ: ಅಲ್ಲಾಹನು ಹಾಗೆಯೇ ಬರೆದಿದ್ದಾನೆ!

ಇದು ಧರ್ಮನಿಷ್ಠೆಯಲ್ಲ, ಧರ್ಮದ ಮೇಲಿನ ಆರೋಪ. ಸ್ವಭಾವ ಬದಲಾಗದು ಎನ್ನುವವರು ಇಮಾಮ್ ಗಝ್ಝಾಲಿ(ರ)ಯವರ ಕಾಲದಲ್ಲೂ ಇದ್ದರು. 1111ರಲ್ಲಿ ನಿಧನರಾದ ಈ ಮಹಾನ್ ವಿದ್ವಾಂಸರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಅವರಿಗೆ ನೇರವಾಗಿ ಉತ್ತರಿಸಿದ್ದಾರೆ. ಸ್ವಭಾವ ಬದಲಾಗದು ಎಂದಾದರೆ ಉಪದೇಶ, ಶಿಸ್ತು, ಶಿಕ್ಷಣ ಎಲ್ಲವೂ ನಿರರ್ಥಕವಾಗಬೇಕಿತ್ತು. ಕಾಡುಪ್ರಾಣಿಯನ್ನೇ ಪಳಗಿಸಬಹುದಾದರೆ ಮನುಷ್ಯನ ವಿಷಯದಲ್ಲಿ ಅದನ್ನು ಅಲ್ಲಗಳೆಯುವುದು ಹೇಗೆ ಎಂಬುದು ಅವರ ವಾದ. ಸುಂದರ ಲಿಪಿಕಾರನಾಗಬಯಸುವವನ ಉದಾಹರಣೆಯನ್ನೂ ಅವರು ಕೊಡುತ್ತಾರೆ. ಮೊದಮೊದಲು ಅವನು ನುರಿತ ಲಿಪಿಕಾರನ ಬರಹವನ್ನು ಕಷ್ಟಪಟ್ಟು ಅನುಕರಿಸುತ್ತಾನೆ. ಕೈ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಾ ಹೋದಂತೆ, ಹೊರಗಿನಿಂದ ತಂದುಕೊಂಡದ್ದು ಒಳಗಿನ ಗುಣವಾಗುತ್ತದೆ.

ವಿಜ್ಞಾನ ಈ ವಿಷಯದಲ್ಲಿ ಬಹುಕಾಲ ಗಾದೆಯ ಪಕ್ಷದಲ್ಲೇ ಇತ್ತು ಎಂದರೆ ಅತಿಶಯೋಕ್ತಿಯಲ್ಲ. ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್, ವಯಸ್ಕರ ನರಮಾರ್ಗಗಳು ಸ್ಥಿರವಾಗಿ ಮುಗಿದುಹೋಗಿವೆ ಎಂದು ಬರೆದರು. ಈ ಕಠೋರ ತೀರ್ಪನ್ನು ಬದಲಿಸುವುದು ಮುಂದಿನ ವಿಜ್ಞಾನದ ಹೊಣೆ ಎಂದೂ ಸೇರಿಸಿದರು. ಮುಂದಿನ ವಿಜ್ಞಾನ ಅದನ್ನು ಬಹುಮಟ್ಟಿಗೆ ಬದಲಿಸಿತು. ಲಂಡನ್ನಿನ ಟ್ಯಾಕ್ಸಿ ಚಾಲಕರಾಗಬೇಕಾದರೆ ನಗರದ ಸುಮಾರು 25,000 ಬೀದಿಗಳು ಬಾಯಿಪಾಠವಾಗಿರಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಬೇಕಾಗುತ್ತದೆ. ಅವರ ಮಿದುಳಿನಲ್ಲಿ ಸ್ಥಳಸ್ಮರಣೆಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಾಗಿರುವುದನ್ನು ಎಲಿನರ್ ಮಗ್ವಾಯರ್ ಮತ್ತವರ ಸಂಗಡಿಗರು 2000ದಲ್ಲಿ ತೋರಿಸಿದರು. ಅವರು ಹುಟ್ಟಿನಿಂದಲೇ ಹಾಗಿದ್ದಿರಬಹುದಲ್ಲ ಎಂದು ನಮ್ಮ ಹಿರಿಯರು ಕೇಳಿಯಾರು. ಆ ಪ್ರಶ್ನೆಗೂ 2011ರಲ್ಲಿ ಉತ್ತರ ಬಂತು. 79 ಅಭ್ಯರ್ಥಿಗಳನ್ನು ಕಲಿಕೆಗೆ ಮೊದಲೂ, ಅವರಲ್ಲಿ ಬಹುಪಾಲು ಮಂದಿಯನ್ನು ಅನಂತರವೂ ಪರೀಕ್ಷಿಸಲಾಯಿತು. ಆರಂಭದಲ್ಲಿ ಅವರ ನಡುವೆ ವ್ಯತ್ಯಾಸವಿರಲಿಲ್ಲ. ಕಲಿತು ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು.

ಲಂಡನ್ ದೂರವೆನ್ನುವವರು ಲಕ್ನೋದತ್ತ ನೋಡಲಿ. ಅದರ ಸಮೀಪದ ಹಳ್ಳಿಗಳಲ್ಲಿ, ಬಹುತೇಕ ಮೂವತ್ತರ ಆಸುಪಾಸಿನ ಅನಕ್ಷರಸ್ಥ ಮಹಿಳೆಯರಿಗೆ ಆರು ತಿಂಗಳು ಹಿಂದಿ ಓದು ಬರಹ ಕಲಿಸಿ, ಮಿದುಳಿನ ಚಿತ್ರಗಳನ್ನು ತೆಗೆಯಲಾಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡುಬಂದ ಬದಲಾವಣೆ ಮಿದುಳಿನ ಹೊರಪದರಕ್ಕೆ ಸೀಮಿತವಾಗಿರಲಿಲ್ಲ. ಅತ್ಯಂತ ಪುರಾತನವೆನಿಸಿದ ಮಿದುಳುಕಾಂಡ ಹಾಗೂ ಥಲಾಮಸ್‌ಗಳೂ ದೃಷ್ಟಿಯ ಕೇಂದ್ರದೊಡನೆ ಹೆಚ್ಚು ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಓದು ಎಂಬ ಆಜ್ಞೆಯೊಂದಿಗೆ ಆರಂಭವಾದ ದಿವ್ಯವಾಣಿಯ ಅನುಯಾಯಿಗಳು, ತಮ್ಮ ತಾಯಂದಿರಿಗೆ ಮಾತ್ರ ವಯಸ್ಸು ಮೀರಿತೆನ್ನುತ್ತಿದ್ದಾರೆ! ವಯಸ್ಸಾದಂತೆ ಕಲಿಕೆ ನಿಧಾನವಾಗುತ್ತದೆ, ನಿಜ. ನಿಧಾನವಾಗುವುದು ಬೇರೆ, ಅಸಾಧ್ಯವಾಗುವುದು ಬೇರೆ.

ಇನ್ನು ಕುರ್‌ಆನ್ 1400 ವರ್ಷಗಳ ಹಿಂದೆಯೇ ನರವಿಜ್ಞಾನವನ್ನು ಹೇಳಿತ್ತು ಎಂಬ ವಾಟ್ಸಾಪ್ ಸಂದೇಶವನ್ನು ಇದರಿಂದ ತಯಾರಿಸಲು ಕೆಲವರು ಕಾಯುತ್ತಿರಬಹುದು. ದಯವಿಟ್ಟು ಬೇಡ. ಕುರ್‌ಆನಿಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕಿಲ್ಲ. ಹಾಗೆ ಹೆಮ್ಮೆಪಡುವವರೇ ಮನೆಯಲ್ಲಿ ಮಗನನ್ನು 'ಉದ್ಧಾರವಾಗದವನು' ಎನ್ನುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಮದ್ಯದಲ್ಲಿ ಮುಳುಗಿದ್ದ ಸಮಾಜವನ್ನು ಕುರ್‌ಆನ್ ಹೇಗೆ ಬಿಡಿಸಿತು? ಮೊದಲು ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸಿತು (2:219). ಬಳಿಕ ಅಮಲಿನಲ್ಲಿ ನಮಾಝಿನ ಬಳಿ ಸುಳಿಯದಂತೆ ತಡೆಯಿತು (4:43). ದಿನಕ್ಕೆ ಐದು ಹೊತ್ತು ನಮಾಝ್ ಇರುವಾಗ ಕುಡಿಯಲು ಉಳಿಯುವ ಸಮಯವಾದರೂ ಎಷ್ಟು? ಅಭ್ಯಾಸದ ಹೊತ್ತುಗೊತ್ತುಗಳೇ ಮುರಿದ ಮೇಲೆ ಸಂಪೂರ್ಣ ನಿಷೇಧ ಬಂತು (5:90). ಮದ್ಯ ಕುಡಿಯಬೇಡಿ ಎಂಬುದೇ ಮೊದಲ ಆಜ್ಞೆಯಾಗಿದ್ದರೆ ಜನರು ಎಂದೂ ಬಿಡುತ್ತಿರಲಿಲ್ಲವೆಂಬ ಆಶಯದ ಮಾತು ಹಝ್ರತ್ ಆಯಿಶಾ(ರ)ರಿಂದ ಬುಖಾರಿಯಲ್ಲಿ ವರದಿಯಾಗಿದೆ. ಇಂದು ನಿಷಿದ್ಧವು ನಿಷಿದ್ಧವೇ, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಬಿಡಿಸುವವರಿಗೆ ತಾಳ್ಮೆ ಬೇಕೆಂಬ ಪಾಠ ಅಲ್ಲಿದೆ. ತೀವ್ರ ಮದ್ಯವ್ಯಸನಿಗೆ ವೈದ್ಯರ ನೆರವೂ ಬೇಕು.

21 ದಿನಗಳಲ್ಲಿ ಅಭ್ಯಾಸ ಬದಲಾಗುತ್ತದೆಂಬ ಪ್ರಚಾರವನ್ನು ನೆಚ್ಚಿ, ರಮಝಾನಿನ ಬಳಿಕ ಎಡವಿದವನನ್ನು ಹಂಗಿಸುವವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಮಂದಿಯ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಸಣ್ಣ ಸಣ್ಣ ಅಭ್ಯಾಸಗಳು ಬೇರೂರಲು 18ರಿಂದ 254 ದಿನಗಳು ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಕಲಿಕೆಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದನ್ನು ಪ್ರತಿವರ್ಷ ಖುತ್ಬಾದಲ್ಲಿ ಕೇಳಿಯೂ ನಾವು ಪವಾಡವನ್ನೇ ನಿರೀಕ್ಷಿಸುತ್ತೇವೆ.

ವಿಧಿಯ ಮಾತಿಗೆ ಬರೋಣ. ಎಲ್ಲವೂ ಬರೆದಾಗಿದ್ದರೆ ಕರ್ಮವೇಕೆ ಎಂದು ಸಹಾಬಿಗಳು ಕೇಳಿದಾಗ, ಕರ್ಮವೆಸಗಿರಿ ಎಂದೇ ಪ್ರವಾದಿ(ಸ) ಉತ್ತರಿಸಿದರು. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಹಝ್ರತ್ ಉಮರ್(ರ) ಅರ್ಧದಾರಿಯಿಂದ ಮರಳಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಪ್ರಶ್ನಿಸಿದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಎಂಬುದು ಖಲೀಫರ ಉತ್ತರವಾಗಿತ್ತು. ಸ್ವಂತ ವ್ಯಾಪಾರದಲ್ಲಿ ನಷ್ಟವಾದಾಗ ಯಾರೂ ವಿಧಿಯೆಂದು ಅಂಗಡಿ ಮುಚ್ಚಿ ಕುಳಿತುಕೊಳ್ಳುವುದಿಲ್ಲ. ಮಗನ ಚಟ, ತಾಯಿಯ ಅನಕ್ಷರತೆ, ಸೊಸೆಯ ಕಣ್ಣೀರಿನ ವಿಷಯದಲ್ಲಿ ಮಾತ್ರ ವಿಧಿ ನೆನಪಾಗುತ್ತದೆ.

ನಮ್ಮ ಎಷ್ಟೋ ಮದ್ರಸಗಳ ಕೊಠಡಿಗಳು ಬೆಳಗಿನ ತರಗತಿ ಮುಗಿದ ಮೇಲೆ ಸಂಜೆಯವರೆಗೆ ಖಾಲಿ ಇರುತ್ತವೆ. ಕಲಿಸಬಲ್ಲ ಪದವೀಧರ ಹೆಣ್ಣುಮಕ್ಕಳು ಅದೇ ಓಣಿಯಲ್ಲಿದ್ದಾರೆ. ಕರಿಹಲಗೆಯೂ ಅಲ್ಲೇ ಇದೆ. ಬೀಗದ ಕೈ ಆಡಳಿತ ಸಮಿತಿಯ ಬಳಿ ಇದೆ.