ನೂರು ರೂಪಾಯಿಯ ಪೆಟ್ರೋಲು

2024ರ ಜೂನ್ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿದಾಗ, ಬೆಂಗಳೂರಿನ ಬಂಕುಗಳಲ್ಲಿ ನೂರರೊಳಗಿದ್ದ ಲೀಟರಿನ ದರವು ನೂರನ್ನು ದಾಟಿತು. ಲೀಟರಿನ ಲೆಕ್ಕವನ್ನು ಎಂದೋ ಕೈಬಿಟ್ಟು ‘ನೂರು ರೂಪಾಯಿಗೆ ಹಾಕಪ್ಪ’ ಎನ್ನುವ ಸ್ಕೂಟರ್ ಸವಾರನಿಗೆ ಅಂದಿನಿಂದ ಪೂರ್ತಿ ಲೀಟರು ದಕ್ಕುತ್ತಿಲ್ಲ. ನೆರೆರಾಜ್ಯಗಳಲ್ಲಿ ದರವು ಇನ್ನೂ ಹೆಚ್ಚೆಂಬ ಸಮಾಧಾನವನ್ನೇನೋ ಅಧಿಕಾರಸ್ಥರು ಧಾರಾಳವಾಗಿ ಹಂಚಿದರು. ಪಕ್ಕದ ಮನೆಯವನ ಸಾಲವನ್ನು ತೋರಿಸಿದರೆ ನಮ್ಮ ಸಾಲ ತೀರುವುದೇ?

ಕೋಲಾರದಿಂದ ಟೊಮ್ಯಾಟೊ ಹೇರಿಕೊಂಡು ನಸುಕಿನಲ್ಲಿ ರಾಜಧಾನಿಗೆ ಬರುವ ಟೆಂಪೋ ಚಾಲಕನು, ಬಾಡಿಗೆಯನ್ನು ಏರಿಸಿದರೆ ಗಿರಾಕಿ ತಪ್ಪುವನೆಂದೂ ಏರಿಸದಿದ್ದರೆ ವಾಹನದ ಸಾಲದ ಕಂತು ತಪ್ಪುವುದೆಂದೂ ತೊಳಲಾಡಿ, ಕಡೆಗೆ ಕೈಯಿಡುವುದು ಮನೆಯ ಹಾಲು-ಬೇಳೆಯ ಕಾಸಿಗೆ. ಅವನು ಬಾಡಿಗೆ ಏರಿಸಿದನೋ, ಆ ಭಾರ ಗೃಹಿಣಿಯ ತರಕಾರಿಚೀಲಕ್ಕೆ.

ಕಚ್ಚಾತೈಲವು ಅಗ್ಗವಾದ 2025ರ ಏಪ್ರಿಲಿನಲ್ಲಾದರೂ ಉಪಶಮನ ದೊರೆಯಿತೆ? ಕೇಂದ್ರವು ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಹೆಚ್ಚಿಸಿ ಆ ಲಾಭವನ್ನು ತಾನೇ ಉಳಿಸಿಕೊಂಡಿತು. ಅದೇ ತಿಂಗಳು ರಾಜ್ಯವು ಡೀಸೆಲಿನ ತೆರಿಗೆಯನ್ನು ಶೇಕಡಾ 21.17ಕ್ಕೆ ಒಯ್ದಿತು. ಪರಸ್ಪರ ದೂಷಣೆಯಲ್ಲಿ ನಿಷ್ಣಾತವಾದ ಈ ಎರಡೂ ಸರ್ಕಾರಗಳು, ಪೆಟ್ರೋಲು-ಡೀಸೆಲುಗಳನ್ನು ಜಿಎಸ್‌ಟಿಯ ವ್ಯಾಪ್ತಿಗೆ ತರುವ ವಿಷಯವನ್ನು ಇನ್ನಾದರೂ ಪ್ರಾಮಾಣಿಕವಾಗಿ ಚರ್ಚಿಸಲಿ.